ಪ್ರಯಾಣವೂ ವಾಲ್ವಿನ ಆಯುಷ್ಯವೂ

ಟ್ರಾನ್ಸಿಸ್ಟರು ಬಂದ ಮೇಲೆ ರೇಡಿಯೋಗಳಿಂದ ಮರೆಯಾದ ನಿರ್ವಾತ ನಳಿಗೆ, ಅಂದರೆ ವಾಲ್ವು, ವಿದ್ಯುತ್ ಗಿಟಾರಿನ ಆಂಪ್ಲಿಫೈಯರುಗಳಲ್ಲಿ ಇಂದಿಗೂ ಉಳಿದಿದೆ. ವಾದಕರು ಊರೂರು ಸುತ್ತುವವರು. ಈ ಗಾಜಿನ ಬುರುಡೆಗಳೂ ಅವರೊಡನೆ ಕುಲುಕುತ್ತ ಸಾಗಬೇಕು. ಇದರಿಂದ ಅವುಗಳ ಆಯುಷ್ಯ ಕುಗ್ಗುವುದೇ?

ಉತ್ತರಕ್ಕಾಗಿ ನಾವು ನಳಿಗೆಯ ಒಳಗನ್ನು ನೋಡಬೇಕು. ನಡುವೆ ನಿಕ್ಕಲಿನ ಸಣ್ಣ ಕೊಳವೆಯೊಂದಿದೆ, ಇದೇ ಕ್ಯಾಥೋಡು. ಅದರ ಮೈಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪ. ಒಳಗೆ ಅದನ್ನು ಕಾಯಿಸುವ ಟಂಗ್‌ಸ್ಟನ್ ತಂತಿ. ಕಾದ ಲೇಪದಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ. ಮಿಲಿಮೀಟರಿನ ಒಂದಂಶದಷ್ಟೇ ದೂರದಲ್ಲಿ ನವುರಾದ ತಂತಿಯ ಜಾಲಕವು ಅವುಗಳ ಹರಿವನ್ನು ನಿಯಂತ್ರಿಸುತ್ತದೆ. ಇವನ್ನೆಲ್ಲ ಕಾಗೆಬಂಗಾರದ ತೆಳು ಬಿಲ್ಲೆಗಳು ಹಿಡಿದು ನಿಲ್ಲಿಸಿವೆ.

ನಳಿಗೆಗೆ ಎರಡು ಬಗೆಯ ಅಂತ್ಯವುಂಟು. ಮೊದಲನೆಯದು ಮುಪ್ಪು: ಉರಿದಷ್ಟು ಕಾಲ ಲೇಪವು ಸವೆಯುತ್ತದೆ. ತಣ್ಣಗಿರುವ ನಳಿಗೆ ನೂರು ಮೈಲಿ ಪಯಣಿಸಿದರೂ ಈ ಸವೆತವಿಲ್ಲ. ಎರಡನೆಯದು ಅಪಘಾತ: ಜಾಲಕವು ಬಾಗಿ ಕ್ಯಾಥೋಡನ್ನು ಮುಟ್ಟುವುದು, ಬಿಲ್ಲೆಯ ರಂಧ್ರಗಳು ಸಡಿಲವಾಗಿ ಒಳಭಾಗಗಳು ಅದುರುವುದು, ಗಾಜು ಬಿರಿದು ಗಾಳಿ ನುಗ್ಗುವುದು. ಗಾಳಿ ಹೊಕ್ಕರೆ ಬುರುಡೆಯ ಒಳಗಿನ ಬೆಳ್ಳಿಬಣ್ಣದ ಬೇರಿಯಂ ಕಲೆ ಬಿಳುಪಾಗುತ್ತದೆ.

ಆದರೂ ತಣ್ಣಗಿನ ನಳಿಗೆ ನಾವು ಭಾವಿಸುವಷ್ಟು ದುರ್ಬಲವಲ್ಲ. 1943ರಿಂದ ಅಮೆರಿಕದ ವಿಮಾನವಿರೋಧಿ ಗುಂಡುಗಳ ಮೂತಿಯಲ್ಲಿ ಪುಟ್ಟ ನಳಿಗೆಗಳಿದ್ದುವು. ಫಿರಂಗಿಯಿಂದ ಸಿಡಿಯುವಾಗ ಅವು ಗುರುತ್ವದ ಸುಮಾರು 20,000 ಪಟ್ಟು ವೇಗೋತ್ಕರ್ಷವನ್ನು ತಾಳಿಕೊಂಡುವು. ಅವು ಹಗುರವಾಗಿದ್ದುದಲ್ಲದೆ, ಆ ಕ್ಷಣದಲ್ಲಿ ಇನ್ನೂ ಕಾದಿರಲಿಲ್ಲ. ಸಿಡಿತದ ಆಘಾತಕ್ಕೆ ಬ್ಯಾಟರಿಯೊಳಗಿನ ಗಾಜಿನ ಸೀಸೆ ಒಡೆದ ಮೇಲಷ್ಟೇ ವಿದ್ಯುತ್ತು ಹರಿಯುತ್ತಿತ್ತು.

ಕಾದ ನಳಿಗೆಯ ಮಾತೇ ಬೇರೆ. ಬಿಸಿಯಾದ ಲೋಹ ಬಿಗುವನ್ನು ಕಳೆದುಕೊಳ್ಳುತ್ತದೆ. ಸಣ್ಣ ಪೆಟ್ಟಿಗೂ ಬಾಗುವ ಸಂಭವವುಂಟು. ಇಎಲ್34 ಎಂಬ ನಳಿಗೆಯ ಕಾಯಿಸುವ ತಂತಿಯೊಂದೇ 6.3 ವೋಲ್ಟಿನಲ್ಲಿ 1.5 ಆಂಪಿಯರನ್ನು, ಎಂದರೆ ಒಂಬತ್ತು ವ್ಯಾಟಿಗೂ ಹೆಚ್ಚಿನ ಶಕ್ತಿಯನ್ನು, ಶಾಖವಾಗಿಸುತ್ತದೆ. ಕಚೇರಿ ಮುಗಿದೊಡನೆ ಅವಸರದಿಂದ ಪೆಟ್ಟಿಗೆಯನ್ನು ವಾಹನಕ್ಕೆ ಎತ್ತಿಹಾಕುವುದೇ ನಿಜವಾದ ಅಪಾಯ. ಸ್ಪೀಕರು ಅದೇ ಪೆಟ್ಟಿಗೆಯಲ್ಲಿದ್ದರೆ ಅದರ ಅದುರಾಟವನ್ನು ನಳಿಗೆಗಳು ಕಾದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಸಹಿಸಬೇಕು. ರಸ್ತೆಯ ಕುಲುಕಾಟಕ್ಕಿಂತ ಇದೇ ಕಠಿಣವಾದೀತು.

ಆದುದರಿಂದ ಗಾಜು ಮುಟ್ಟಲು ತಣ್ಣಗಾಗುವವರೆಗೆ ಕಾಯುವುದು ಲೇಸು. ಊರು ಸೇರಿದ ಮೇಲೆ, ಚಳಿಯಿಂದ ಬೆಚ್ಚನೆಯ ಕೋಣೆಗೆ ಬಂದಿದ್ದರೆ ಮೈಮೇಲಿನ ತೇವ ಆರಲಿ. ನಳಿಗೆಗಳು ತಮ್ಮ ಕುಳಿಗಳಲ್ಲಿ ಭದ್ರವಾಗಿ ಕುಳಿತಿವೆಯೇ ಎಂದು, ವಿದ್ಯುತ್ ಸಂಪರ್ಕ ತಪ್ಪಿಸಿಯೇ, ನೋಡಬೇಕು. ಒಳಗಿನ ಕಂಡೆನ್ಸರುಗಳು ಆಮೇಲೂ ಪ್ರಾಣಾಪಾಯದ ವೋಲ್ಟೇಜನ್ನು ಹಿಡಿದಿಟ್ಟಿರಬಹುದಾದ್ದರಿಂದ ತಂತಿಗಳ ಗೊಡವೆಗೆ ಹೋಗಬಾರದು. ಕಾಲು ಗಂಟೆಯ ತಾಳ್ಮೆಯಿಂದ ನಳಿಗೆ ಅಪಘಾತವನ್ನು ತಪ್ಪಿಸಿಕೊಂಡು, ತನ್ನ ಸಹಜವಾದ ಮುಪ್ಪಿನವರೆಗೆ ಬಾಳುತ್ತದೆ.