ಸಸ್ಪೆನ್ಸ್ ಖಾತೆ ಮತ್ತು ಸಿನಿಮಾ ಟ್ರೇಲರ್

ಕಳೆದ ಬೇಸಿಗೆ ರಜೆಗೆ ನಮ್ಮ ಮೊಮ್ಮಗ ಬೆಟಗೇರಿಯ ಮನೆಗೆ ಬಂದಿದ್ದ. ಒಂದು ರಾತ್ರಿ ಹಿತ್ತಲಿಗೆ ಒಬ್ಬನೇ ಹೋಗಲು ಒಲ್ಲೆನೆಂದ. ಕೇಳಿದರೆ, ಮೊಬೈಲಿನಲ್ಲಿ ಯಾವುದೋ ಥ್ರಿಲ್ಲರ್ ಸಿನಿಮಾದ ಟ್ರೇಲರ್ ನೋಡಿದ್ದನಂತೆ. "ಅಜ್ಜಾ, ಬಾಗಲಾ ತಗದ್ರು. ಒಳಗ ಯಾರಿದ್ರು ಅಂತ ತೋರ್ಸಲೇ ಇಲ್ಲ! ನಾಳೆ ಆ ಸಿನಿಮಾಕ್ಕ ಹೋಗೂಣು" ಎಂದ. ಹೆದರಿಕೆಯೂ ಅದರದೇ, ಹಟವೂ ಅದರದೇ!

ನನಗೆ ನಗು ಬಂತು. ನಾನೂ ಅದೇ ಗಾಳಕ್ಕೆ ಸಿಕ್ಕವನು.

ನನಗಾಗ ಹನ್ನೊಂದು ವರ್ಷ. ಮುಂಡರಗಿಗೆ ಟೆಂಟ್ ಸಿನಿಮಾ ಬಂದಿತ್ತು. 'ಮುದ್ರಣ ಕಾಶಿ' ಎನಿಸಿದ ಗದಗಿನ ಛಾಪಖಾನೆಯಲ್ಲಿ ಅಚ್ಚಾದ ಹ್ಯಾಂಡ್‌ಬಿಲ್ಲನ್ನು ಓಣಿ ಓಣಿಗೆ ಹಂಚುತ್ತಿದ್ದರು. ಅದರಲ್ಲಿ ಕಥೆ ಗಂಡಾಂತರಕ್ಕೆ ಬಂದೊಡನೆ ನಿಲ್ಲುತ್ತಿತ್ತು. ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂಬುದೇ ಕೊನೆಯ ಸಾಲು. ನನ್ನ ಕೈಯಲ್ಲಿ ಚಿಮಣಿ ಎಣ್ಣೆಗೆಂದು ಅವ್ವ ಕೊಟ್ಟ ದುಡ್ಡಿತ್ತು. ಸಿನಿಮಾ ನೋಡಿದೆ, ದುಡ್ಡು ಬಿದ್ದುಹೋಯಿತೆಂದು ಸುಳ್ಳು ಹೇಳಿದೆ. ಮರುದಿನ ಅಕ್ಕನಿಗೆ ಮುಲ್ಕಿ ಪರೀಕ್ಷೆ. ಆ ರಾತ್ರಿ ಅವಳು ಪಕ್ಕದ ಮನೆಯ ಕಟ್ಟೆಯ ಮೇಲೆ ಅವರ ದೀಪಕ್ಕೆ ಕುಳಿತು ಓದಿದಳು.

ಮುಂದೆ ನಾನು ಬ್ಯಾಂಕು ಸೇರಿ ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಲೆಡ್ಜರ್ ಬರೆದೆ. ಬ್ಯಾಂಕಿನಲ್ಲಿ 'ಸಸ್ಪೆನ್ಸ್ ಖಾತೆ' ಎಂದೊಂದು ಇರುತ್ತದೆ. ಯಾವ ಲೆಕ್ಕಕ್ಕೆ ಸೇರಿದ್ದೆಂದು ತಿಳಿಯದ ಹಣವನ್ನು ಸದ್ಯಕ್ಕೆ ಅಲ್ಲಿ ಇಡುವುದು. ಅದು ಚುಕ್ತಾ ಆಗುವವರೆಗೆ ಮನಸ್ಸಿಗೆ ನೆಮ್ಮದಿ ಇಲ್ಲ. ಟ್ರೇಲರ್ ಮಾಡುವುದೂ ಅಷ್ಟೇ. ನಮ್ಮ ತಲೆಯಲ್ಲಿ ಒಂದು ಸಸ್ಪೆನ್ಸ್ ಖಾತೆ ತೆರೆದು, ಚುಕ್ತಾ ಮಾಡಲು ಟಿಕೆಟ್ ಕೊಳ್ಳಿರಿ ಎನ್ನುತ್ತದೆ.

ಹಿಚ್‌ಕಾಕ್ ಎಂಬ ನಿರ್ದೇಶಕ 1960ರಲ್ಲಿ 'ಸೈಕೋ' ಚಿತ್ರದ ಟ್ರೇಲರಿನಲ್ಲಿ ತಾನೇ ನಿಂತು ಕಥೆ ನಡೆದ ಮನೆಯನ್ನು ತೋರಿಸಿದ. ಆರು ನಿಮಿಷಕ್ಕೂ ಹೆಚ್ಚು ಕಾಲ ಒಂದೊಂದು ಕೋಣೆಗೂ ಕರೆದೊಯ್ದು, ಏನೋ ಹೇಳಹೋಗಿ ಅರ್ಧಕ್ಕೇ ನಿಲ್ಲಿಸುತ್ತಾನೆ. ಕೊನೆಗೆ ಒಂದು ಪರದೆ ಸರಿಸುತ್ತಾನೆ, ಒಂದು ಚೀರಾಟ, ಮುಗಿಯಿತು! ನಮ್ಮ ಸುನೀಲ್ ಕುಮಾರ್ ದೇಸಾಯಿಯವರಂತೂ 1995ರ 'ಬೆಳದಿಂಗಳ ಬಾಲೆ'ಯಲ್ಲಿ ಇಡೀ ಸಿನಿಮಾವನ್ನೇ ಹೀಗೆ ಕಟ್ಟಿದರು. ಫೋನಿನಲ್ಲಿ ಮಾತನಾಡುವ ಹುಡುಗಿಯ ಮುಖವನ್ನು ಕೊನೆಯವರೆಗೂ ತೋರಿಸಲಿಲ್ಲ. ತೋರಿಸಿದ್ದಕ್ಕಿಂತ ಬಚ್ಚಿಟ್ಟದ್ದೇ ನಮ್ಮನ್ನು ಎಳೆಯುತ್ತದೆ.

ಮೊಮ್ಮಗನನ್ನು ಕೂರಿಸಿಕೊಂಡು ಆ ಟ್ರೇಲರನ್ನು ಮತ್ತೆ ಹಾಕಿದೆ. ಮೊದಲು ಶಾಂತವಾದ ಮನೆ. ಆಮೇಲೆ ಏನೋ ಒಂದು ಸಣ್ಣ ವಿಚಿತ್ರ. ಬರಬರುತ್ತಾ ದೃಶ್ಯಗಳು ಚಿಕ್ಕವಾಗುತ್ತವೆ, ಬಡಿತ ಜೋರಾಗುತ್ತದೆ. ಥಟ್ಟನೆ ಮೌನ, ಕತ್ತಲು. ಆಮೇಲೆ ಸಿನಿಮಾದ ಹೆಸರು. ಬಾಗಿಲು ತೆರೆದದ್ದು ಒಂದು ಕಡೆಯದು, ಚೀರಿದ್ದು ಇನ್ನೊಂದು ಕಡೆಯದು ಇರಬಹುದು. ಎರಡನ್ನೂ ಜೋಡಿಸಿದಾಗ ಭಯ ಹುಟ್ಟುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆದೆವು. ಪ್ರಶ್ನೆ ಏಳು, ಉತ್ತರ ಸೊನ್ನೆ! ಆಮೇಲೆ ಸದ್ದು ತೆಗೆದು ನೋಡಿದೆವು. ಹೆದರಿದ್ದವನು ಬಿದ್ದು ಬಿದ್ದು ನಕ್ಕ. ಮಕ್ಕಳೇ, ನೀವೂ ಮಾಡಿ ನೋಡಿರಿ. ಗಾಳ ಕಂಡ ಮೀನು ಅವಸರ ಮಾಡುವುದಿಲ್ಲ.

"ಅಜ್ಜಾ, ಎಣ್ಣಿ ರೊಕ್ಕದ ಖಾತೆ ಚುಕ್ತಾ ಆತೇನು?" ಎಂದು ಅವನು ಕೇಳಿದಾಗ ಬಾಯಿ ಕಟ್ಟಿತು. ಅವನೆದುರೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನನಗ ಅವತ್ತೇ ಗೊತ್ತಿತ್ತೋ ತಮ್ಮಾ. ಆ ಹ್ಯಾಂಡ್‌ಬಿಲ್ ನಾನೂ ಓದಿದ್ದೆ" ಎಂದಳು. "ಮುಂದ ಏನಾತು ಅನ್ನೂದನ್ನ ಹೇಳಲೇ ಇಲ್ಲಲ್ಲ ನೀ. ಈಗರ ಹೇಳು."