ಕಡಲಾಳದ ಕಪ್ಪೆಚಿಪ್ಪು ಮತ್ತು ನಮ್ಮ ತೊಗರಿಯ ಬೇರುಗಂಟು

ನಿಲಂಗಾ, ಉದಗೀರ ಭಾಗದ ಮಳೆನೀರು ಮಾಂಜ್ರಾ ನದಿಯನ್ನು ಸೇರಿ, ಗೋದಾವರಿಯ ಮೂಲಕ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಉಮರ್ಗಾ ಸೀಮೆಯ ಬೆಣ್ಣೆತೊರಾ ನದಿಯ ನೀರು ಕಾಗಿಣಾ, ಭೀಮಾ ನದಿಗಳನ್ನು ಕೂಡಿ ಕೃಷ್ಣೆಯೊಡನೆ ಅದೇ ಕೊಲ್ಲಿಯನ್ನು ಸೇರುತ್ತದೆ. ಈ ನದಿಗಳು ಯುಗಯುಗಗಳಿಂದ ಹೊತ್ತೊಯ್ದ ಮಣ್ಣು ಸಂಗ್ರಹವಾಗಿರುವ ಕಡಲತಳಕ್ಕೆ ಕೃಷ್ಣಾ–ಗೋದಾವರಿ ಕೊಳ್ಳವೆಂದು ಹೆಸರು. ಅಲ್ಲಿ ಒಂದು ಸಾವಿರ ಮೀಟರ್ ಆಳದ ಕೆಸರಿನಿಂದ ಕ್ಯಾಲಿಪ್ಟೋಜೆನಾ ಎಂಬ ಕಪ್ಪೆಚಿಪ್ಪಿನ ಪಳೆಯುಳಿಕೆಗಳು ದೊರೆತುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು.

ಬಿಸಿಲು ತಲುಪದ ಆ ಕತ್ತಲಲ್ಲಿ ಈ ಜೀವಿ ಏನನ್ನು ತಿಂದು ಬದುಕುತ್ತದೆ?

ಹೂತುಹೋದ ಮಣ್ಣಿನಲ್ಲಿ ಗಿಡಮರಗಳ, ಜಲಜೀವಿಗಳ ಅವಶೇಷಗಳಿರುತ್ತವೆ. ಆಮ್ಲಜನಕವಿಲ್ಲದ ಆಳದಲ್ಲಿ ಅವು ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅದು ಮೇಲೇರುವಾಗ ಕಡಲನೀರಿನ ಸಲ್ಫೇಟ್ ಎದುರಾಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಇವೆರಡನ್ನೂ ಬಳಸಿಕೊಂಡು ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಬಹುತೇಕ ಪ್ರಾಣಿಗಳಿಗೆ ವಿಷ; ಕ್ಯಾಲಿಪ್ಟೋಜೆನಾಕ್ಕೆ ಮಾತ್ರ ಅದೇ ಅನ್ನದ ಮೂಲ.

ಈ ಕಪ್ಪೆಚಿಪ್ಪು ತನ್ನ ಪಾದವನ್ನು ಕೆಸರಿನೊಳಗೆ ಇಳಿಸಿ ಸಲ್ಫೈಡನ್ನು ಹೀರುತ್ತದೆ. ಕಿವಿರುಗಳಿಂದ ಆಮ್ಲಜನಕವನ್ನು ಪಡೆಯುತ್ತದೆ. ರಕ್ತವು ಸಲ್ಫೈಡನ್ನು ಕಿವಿರಿನ ಜೀವಕೋಶಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಿಗೆ ತಲುಪಿಸುತ್ತದೆ. ಅವು ಸಲ್ಫೈಡಿನಿಂದ ಶಕ್ತಿ ಪಡೆದು ಇಂಗಾಲದಿಂದ ಆಹಾರ ತಯಾರಿಸುತ್ತವೆ. ಹಸಿರೆಲೆ ಬಿಸಿಲಿನಿಂದ ಮಾಡುವ ಕೆಲಸವನ್ನು ಇಲ್ಲಿ ರಾಸಾಯನಿಕವೊಂದು ಮಾಡಿಸುತ್ತದೆ. ಆದ್ದರಿಂದಲೇ ಈ ಜೀವಿಯ ಜೀರ್ಣಾಂಗ ಬಹಳ ಕುಗ್ಗಿಹೋಗಿದೆ. ಇಂಥ ಜೀವಲೋಕ ಮೊದಲು ಕಣ್ಣಿಗೆ ಬಿದ್ದದ್ದು 1977ರಲ್ಲಿ, ಪೆಸಿಫಿಕ್ ಸಾಗರದ ಗಲಾಪಗೋಸ್ ಬಳಿ, ಸುಮಾರು 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳಲ್ಲಿ.

ನಮ್ಮ ರೈತರಿಗೆ ಇಂಥ ಸಹಜೀವನ ಹೊಸದಲ್ಲ. ತೊಗರಿಯ ಬೇರುಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಆದರೆ ತೊಗರಿಯ ಪ್ರತಿ ಪೀಳಿಗೆಯೂ ರೈಜೋಬಿಯಂ ಅನ್ನು ಮಣ್ಣಿನಿಂದ ಹೊಸದಾಗಿ ಪಡೆಯಬೇಕು. ಬಿತ್ತುವ ಮುನ್ನ ಬೀಜೋಪಚಾರ ಮಾಡುವುದು ಇದಕ್ಕಾಗಿಯೇ. ಕಪ್ಪೆಚಿಪ್ಪು ತನ್ನ ಬ್ಯಾಕ್ಟೀರಿಯಾವನ್ನು ಮೊಟ್ಟೆಯ ಮೂಲಕವೇ ಮರಿಗೆ ದಾಟಿಸುತ್ತದೆ. ಹೀಗೆ ಒಳಗೇ ಉಳಿದ ಬ್ಯಾಕ್ಟೀರಿಯಾ ಕಾಲಕ್ರಮೇಣ ತನ್ನ ಬಹಳಷ್ಟು ಜೀನ್‌ಗಳನ್ನು ಕಳೆದುಕೊಂಡಿದೆ. ನಮ್ಮ ಕರುಳಿನ ಈ-ಕೋಲಿಯಲ್ಲಿ 4,000ಕ್ಕೂ ಹೆಚ್ಚು ಜೀನ್‌ಗಳಿದ್ದರೆ, ಇದರಲ್ಲಿ ಉಳಿದಿರುವುದು ಸುಮಾರು 1,000.

ಒಬ್ಬರನ್ನೊಬ್ಬರು ಇಷ್ಟು ನೆಚ್ಚಿಕೊಂಡವರಿಗೆ ಅನಿಲ ನಿಂತರೆ ಬದುಕಿಲ್ಲ. ಉಳಿಯುವುದು ಚಿಪ್ಪು ಮತ್ತು ಅನಿಲ ಸೋರಿದ ಜಾಗದಲ್ಲಿ ಗಟ್ಟಿಯಾದ ಸುಣ್ಣದ ಕಲ್ಲು ಮಾತ್ರ. ಹೀಗಾಗಿ ಆ ಹಳೆಯ ಚಿಪ್ಪು, ಒಂದು ಕಾಲದಲ್ಲಿ ಅಲ್ಲಿ ಅನಿಲ ಸೋರುತ್ತಿತ್ತೆಂಬುದಕ್ಕೆ ಸಾಕ್ಷಿ. 2018ರಲ್ಲಿ ಅದೇ ಕೊಳ್ಳದಲ್ಲಿ ಈಗಲೂ ಅನಿಲ ಸೋರುತ್ತಿರುವ ತಾಣಗಳು ಪತ್ತೆಯಾದವು.

ಈ ತಿಳಿವಳಿಕೆಯ ಅಗತ್ಯ ಇಂದು ಹೆಚ್ಚಿದೆ. 2006ರ ರಾಷ್ಟ್ರೀಯ ಶೋಧಯಾತ್ರೆಯಲ್ಲಿ ಈ ಕೊಳ್ಳದಲ್ಲಿ ಮೀಥೇನ್ ತುಂಬಿದ ಮಂಜುಗಡ್ಡೆಯಂಥ ದಪ್ಪ ನಿಕ್ಷೇಪ ಕಂಡುಬಂದಿತು. ನಾಳೆ ಅದನ್ನು ಇಂಧನವಾಗಿ ತೆಗೆಯುವ ಮುನ್ನ, ಅಲ್ಲಿ ಯಾರು ಬದುಕಿದ್ದಾರೆ ಎಂದು ಕೇಳುವುದು ನ್ಯಾಯ. ಮೀಥೇನ್ ಭೂಮಿಯನ್ನು ಬಿಸಿಮಾಡುವ ಪ್ರಬಲ ಅನಿಲ. ಅದರ ಬಹುಪಾಲನ್ನು ಕಡಲತಳದಲ್ಲೇ ತಡೆಯುವುದು ಅಲ್ಲಿನ ಸೂಕ್ಷ್ಮಜೀವಿಗಳೇ.

ಪಾಲಕರಲ್ಲಿ ಒಂದು ವಿನಂತಿ. ತೊಗರಿ ಬಿತ್ತಿದ ಐದಾರು ವಾರಗಳ ಬಳಿಕ ಮಕ್ಕಳೊಡನೆ ಒಂದು ಗಿಡವನ್ನು ಬೇರುಸಹಿತ ಮೆಲ್ಲನೆ ಅಗೆದು, ಬೇರುಗಂಟನ್ನು ಸೀಳಿ ತೋರಿಸಿ. ಒಳಗೆ ನಸುಗೆಂಪು ಕಂಡರೆ ಬ್ಯಾಕ್ಟೀರಿಯಾ ಕೆಲಸದಲ್ಲಿದೆ ಎಂದರ್ಥ. ಆ ಕೆಂಪು ಹಿಮೋಗ್ಲೋಬಿನ್ ಜಾತಿಯ ವಸ್ತುವಿನದು. ಕಡಲಾಳದ ಕಪ್ಪೆಚಿಪ್ಪಿನ ರಕ್ತವೂ ಹಿಮೋಗ್ಲೋಬಿನ್‌ನಿಂದಲೇ ಕೆಂಪು. ಇದನ್ನು ಮನೆಯ ಕನ್ನಡದಲ್ಲೇ ಹೇಳಿಕೊಡಿ. ಹೊಲ ಬಲ್ಲ ಮಗುವಿಗೆ ಕಡಲಿನ ಪಾಠ ಕಠಿಣವಾಗದು.