ಸಾವಿರ ವರ್ಷದ ಕವಿಗೆ ಎಲೆಕ್ಟ್ರಿಕ್ ಗಿಟಾರಿನ ಸಾಥ್!

ಹೀಬ್ರೂ ಭಾಷೆಯಲ್ಲಿ ರಾಕ್! ಅದೂ ಎಂಥ ರಾಕ್! ಒಂದಕ್ಷರ ಅರ್ಥವಾಗದಿದ್ದರೂ ಕಾಲು ತಾನಾಗಿ ತಾಳ ಹಾಕುತ್ತದೆ, ಹಾಡು ಮುಗಿಯುವ ಮುನ್ನವೇ ಮನಸ್ಸು ಮುಂದಿನದಕ್ಕೆ ಹಾತೊರೆಯುತ್ತದೆ. ಇಷ್ಟು ದಿನ ಇದೆಲ್ಲ ಎಲ್ಲಿ ಅಡಗಿತ್ತು?

ಶತಮಾನಗಳ ಕಾಲ ಪ್ರಾರ್ಥನೆಯಲ್ಲಿ, ಗ್ರಂಥಗಳಲ್ಲಿ, ಕಾವ್ಯದಲ್ಲಿ ಉಳಿದಿದ್ದ ಹೀಬ್ರೂ ಮತ್ತೆ ಮನೆಮಾತಾಗತೊಡಗಿದ್ದು 19ನೇ ಶತಮಾನದ ಕೊನೆಯಲ್ಲಿ. ನೂರು ವರ್ಷ ತುಂಬುವ ಮೊದಲೇ ಅದು ರಾಕ್ ಹಾಡುತ್ತಿತ್ತು! 1970ರ 'ಶಬ್ಲೂಲ್' ಆಲ್ಬಂ ಕೇಳಿ: ಶಾಲೋಮ್ ಹನೋಖ್‌ರ ರಾಗಗಳು, ಚರ್ಚಿಲ್ಸ್ ತಂಡದ ಗಿಟಾರು, ಅವುಗಳ ಮೇಲೆ ಆರಿಕ್ ಐನ್‌ಸ್ಟೈನ್‌ರ ಬೆಚ್ಚನೆಯ ದನಿ.

ಆಮೇಲೆ ಕವೆರೆತ್! ಏಳು ಮಂದಿ, ಅವರಲ್ಲಿ ಹಲವರು ಸೈನ್ಯದ ಸಂಗೀತ ತಂಡದಲ್ಲಿ ಪಳಗಿದವರು. 1973ರಲ್ಲಿ ಮೊದಲ ಆಲ್ಬಂ, ಮರುವರ್ಷವೇ ಬ್ರೈಟನ್ನಿನ ಯೂರೋವಿಷನ್ ವೇದಿಕೆ. ಅಬ್ಬಾ ತಂಡ ಗೆದ್ದ ಆ ಸ್ಪರ್ಧೆಯಲ್ಲಿ ಇವರಿಗೆ ಏಳನೇ ಸ್ಥಾನ. ಒಬ್ಬರ ಮೇಲೊಬ್ಬರು ದನಿಗೂಡಿಸುತ್ತ ಏನು ಉತ್ಸಾಹ, ಏನು ತುಂಟತನ!

ಈ ಭಾಷೆ ರಾಕ್‌ಗೆ ಎಷ್ಟು ಚೆನ್ನಾಗಿ ಒಗ್ಗುತ್ತದೆ! ಪದಗಳ ಒತ್ತು ಹೆಚ್ಚಾಗಿ ಕೊನೆಯಲ್ಲಿ ಬೀಳುವುದರಿಂದ ಸಾಲು ಮುಗಿಯುವುದೇ ಡ್ರಮ್ಮಿನ ಪೆಟ್ಟಿನಂತೆ. ಗಂಟಲಾಳದಿಂದ ಉಜ್ಜಿಕೊಂಡು ಬರುವ 'ಖ್' ಗಿಟಾರಿನ ಗೊರಗೊರಕ್ಕೆ ಪೈಪೋಟಿ ಕೊಡುತ್ತದೆ. ರಾಮಿ ಫೋರ್ಟಿಸ್, ಬೆರಿ ಸಖರೋಫ್ ಜೋಡಿಯ 1988ರ ಆಲ್ಬಮ್ಮಿನಲ್ಲಿ ಈ ಕಸುವು ಕಿಡಿ ಹಾರಿಸುತ್ತದೆ.

ಅದೇ ಸಖರೋಫ್ 2009ರಲ್ಲಿ ಮಾಡಿದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ರೆಆ ಮೋಖಿಯಾಖ್ ಜೊತೆ ಸೇರಿ ಅವರು ಎತ್ತಿಕೊಂಡದ್ದು 11ನೇ ಶತಮಾನದ ಸ್ಪೇನಿನ ಯೆಹೂದಿ ಕವಿ ಶ್ಲೋಮೋ ಇಬ್ನ್ ಗಬಿರೋಲ್‌ನ ಪದ್ಯಗಳನ್ನು! ಮಲಾಗಾದಲ್ಲಿ ಹುಟ್ಟಿದ ಆ ದಾರ್ಶನಿಕ ಕವಿಯ ಒಂಟಿತನ, ಸಿಟ್ಟು, ದೇವರ ಹಂಬಲ ಎಲ್ಲವೂ 'ಅದುಮೇ ಹಸ್ಫಾತೋತ್' ಆಲ್ಬಮ್ಮಿನಲ್ಲಿ ನಿನ್ನೆ ಮೊನ್ನೆ ಬರೆದಷ್ಟು ಬಿಸಿಯಾಗಿವೆ. ಸಾವಿರ ವರ್ಷದ ಹಿಂದಿನ ಕವಿಯನ್ನು ಇಂದಿನ ಜನ ತಮ್ಮದೇ ಭಾಷೆಯಲ್ಲಿ, ರಾಕ್ ಹಾಡಾಗಿ ಕೇಳುತ್ತಾರೆ! ಪೂರ್ತಿ ಹೊಸ ಸಂಗೀತವೆಂದುಕೊಂಡು ಒಳಹೊಕ್ಕವರಿಗೆ ಅದರ ಬೇರು ಇಷ್ಟು ಆಳಕ್ಕಿಳಿದಿದೆ ಎಂದು ತಿಳಿದಾಗಿನ ಬೆರಗು ಇದೆಯಲ್ಲ, ಅದಕ್ಕೆ ಎಣೆಯಿಲ್ಲ.

ಇನ್ನೂ ಮಶೀನಾ ತಂಡ ಇದೆ, ಗಾಯಕ ಎಹುದ್ ಬನಾಯ್ ಇದ್ದಾರೆ, ಹನೋಖ್‌ರ 1985ರ ಆಲ್ಬಂ ಇದೆ. 'ಶಬ್ಲೂಲ್'ನಿಂದ ಶುರು ಮಾಡಿ, ಇಬ್ನ್ ಗಬಿರೋಲ್‌ವರೆಗೆ ಬನ್ನಿ. ಭಾಷೆ ಬರುವುದಿಲ್ಲವೆಂದು ಹಿಂಜರಿಯಬೇಡಿ. ಸದ್ದು ಮಾತ್ರ ಜೋರಾಗಿಟ್ಟುಕೊಳ್ಳಿ!